ಅತ್ತೆಗೆ ‘ಕಮ್’ ಹೇಳಿಕೊಟ್ಟದ್ದು

ಕಮ್ ಎಂದರೆ ಬಾ. ಇಂಗ್ಲಿಷಿನಲ್ಲಿ ಇದಕ್ಕಿಂತ ಸುಲಭದ ಕ್ರಿಯಾಪದ ಬೇರೆ ಇಲ್ಲ ಎಂದುಕೊಂಡು ನಾನು ಅತ್ತೆಗೆ ಮೊದಲು ಇದನ್ನೇ ಹೇಳಿಕೊಟ್ಟೆ. ಈಗ ಅವರಿಲ್ಲ. ಅವರು ತೀರಿಕೊಂಡ ಮೇಲೆ ಹಲವು ತಿಂಗಳು, ಅವರು ಮನೆಯೊಳಗೆ ಬಂದಿದ್ದಾರೋ ಇಲ್ಲ ಇನ್ನೂ ಅಂಗಳದಲ್ಲೇ ನಿಂತಿದ್ದಾರೋ ಎಂಬ ಒಂದೇ ಯೋಚನೆಯಲ್ಲಿ ನಾನು ದಿನ ಕಳೆದೆ. ಆ ತಿಂಗಳುಗಳ ಬಗ್ಗೆ ಬರೆಯಬೇಕೆಂದು ಕೂತರೆ ಮೊದಲು ನೆನಪಾಗುವುದು ಆ ಇಂಗ್ಲಿಷ್ ಪಾಠ.

ಮನೆಯ ಪಕ್ಕದ ಹಳೇ ಕಾಫಿ ಗೋದಾಮಿಗೆ ಗೋಡೆ ಹಾಕಿಸಿ, ಕೋಣೆಗಳನ್ನು ಮಾಡಿ ಹೋಮ್‌ಸ್ಟೇ ಶುರುಮಾಡಿದ ವರ್ಷ ಅದು. ನನ್ನ ಗಂಡನಿಗೆ ತೋಟದ ಕೆಲಸ, ಜೀಪಿನ ಕೆಲಸ. ಬಂದವರನ್ನು ಮಾತಾಡಿಸುವುದು ನನ್ನ ಪಾಲಿಗೆ ಬಂತು. ನಾನು ಬಯಲುಸೀಮೆಗೆ ತಾಗಿದ ಶಿರಂಗಾಲದ ಕಡೆಯವಳು. ಪಿಯುಸಿ ಓದಿದ್ದೆ, ಇಂಗ್ಲಿಷಿನಲ್ಲಿ ಹೇಗೋ ಪಾಸಾಗಿದ್ದೆ. ಅತ್ತೆಯ ಮಾತು ಕೊಡಗಿನ ಗೌಡರ ಅರೆಭಾಷೆ. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಅದು ತಿಳಿಯುವುದಿಲ್ಲವೆಂದು ನನ್ನ ಜೊತೆ ಮಾತ್ರ ಕನ್ನಡ ಆಡತೊಡಗಿದ ಅವರು ಕೊನೆಯವರೆಗೂ ಅದನ್ನು ಬದಲಾಯಿಸಲಿಲ್ಲ. ನನ್ನ ಕನ್ನಡವನ್ನೂ ಬಿಟ್ಟವರಲ್ಲ. ‘ಬತ್ತೀನಿ, ಬತ್ತೀನಿ ಅಂತ ಎಂತ ಕೂಸೇ ಅದು, ಭತ್ತ ಕುಟ್ಟಿದ ಹಾಗೆ’ ಎಂದು ಅಣಕಿಸುತ್ತಿದ್ದರು.

ಅಡುಗೆ ಅವರದೇ. ಹೊರಗಿನವರು ಊಟ ಮಾಡಿ ಏನೋ ಹೇಳಿದರೆ ಅದು ಹೊಗಳಿಕೆಯೋ ದೂರೋ ತಿಳಿಯದೆ ಅವರು ನನ್ನ ಮುಖ ನೋಡುತ್ತಿದ್ದರು. ಅದು ಅವರಿಗೆ ಸಹಿಸಲಾಗದ ವಿಷಯ. ಒಂದು ಬೆಳಗ್ಗೆ ಅಕ್ಕಿರೊಟ್ಟಿಗೆ ಹಿಟ್ಟು ನಾದುತ್ತಾ ಕೇಳಿದರು:

‘ಒಳಗೆ ಬನ್ನಿ ಅನ್ನುದಕ್ಕೆ ಎಂತ ಹೇಳುದು?’

‘ಕಮ್ ಇನ್.’

‘ಊಟಕ್ಕೆ ಬನ್ನಿ?’

‘ಕಮ್ ಫಾರ್ ಲಂಚ್.’

‘ಹೊಳೆ ಹತ್ರ ಹೋಗ್ಬೇಡಿ, ಜಿಗಣೆ ಉಂಟು, ಮೇಲೆ ಬನ್ನಿ?’

‘ಅಷ್ಟುದ್ದ ಬೇಡ ಅತ್ತೆ. ಕಮ್ ಅಪ್ ಅಂದ್ರೆ ಸಾಕು.’

‘ಜಿಗಣೆ ಎಲ್ಲಿ ಹೋಯ್ತು?’

‘ಜಿಗಣೆ ಅವ್ರಿಗೇ ಗೊತ್ತಾಗುತ್ತೆ.’

ಅವರು ನಕ್ಕರು. ನಾನು ಮಾಸ್ತರಿಕೆ ಬಿಡಲಿಲ್ಲ. ಮಣೆಯ ಮೇಲೆ ಹಿಟ್ಟಿನ ಎರಡು ಉಂಡೆ ಇಟ್ಟೆ. ಒಂದು ನೀವು, ಒಂದು ನೆಂಟರು ಎಂದೆ. ಮಾತಾಡುವವರು ಎಲ್ಲಿದ್ದಾರೋ ಆ ಕಡೆಗೆ ಸರಿದರೆ ಕಮ್. ಅಲ್ಲಿಂದ ಆಚೆಗೆ ಸರಿದರೆ ಗೋ. ಯಾರಾದರೂ ನಮ್ಮನ್ನು ಕರೆದಾಗ ನಾವು ಅವರ ಕಡೆಗೆ ಹೊರಟರೆ ಅದೂ ಕಮ್, ಐ ಆಮ್ ಕಮಿಂಗ್ ಅಂತ ಹೇಳಬೇಕು. ನಮ್ಮ ಜೊತೆಗೇ ಕರೆದುಕೊಂಡು ಹೋಗುವಾಗಲೂ ಕಮ್, ಕಮ್ ವಿತ್ ಮಿ. ಅತ್ತೆ ಉಂಡೆಗಳು ಹೋಗಿ ಬರುವುದನ್ನು ಗಮನವಿಟ್ಟು ನೋಡಿದರು. ಆಮೇಲೆ ಎರಡನ್ನೂ ಸೇರಿಸಿ ಒಂದೇ ರೊಟ್ಟಿ ತಟ್ಟಿ, ‘ಸಾಕು ಪಾಠ, ಕಾವಲಿ ಕಾದದೆ’ ಎಂದರು.

ಆದರೆ ಕಲಿತರು. ಜೀಪಿನ ಸದ್ದು ಕೇಳಿದ ಕೂಡಲೇ ಕೈ ಒರೆಸಿಕೊಂಡು ಜಗಲಿಗೆ ಬಂದು ‘ಕಮ್, ಕಮ್’ ಎನ್ನುತ್ತಿದ್ದರು. ನೆಂಟರು ಹೊರಡುವಾಗ ಮಾತ್ರ ತಕರಾರು. ‘ವಿ ಆರ್ ಗೋಯಿಂಗ್’ ಎಂದು ಯಾರಾದರೂ ಅಂದರೆ ಅವರ ಮುಖ ಗಂಟಿಕ್ಕುತ್ತಿತ್ತು. ಹೋಗುತ್ತೇನೆ ಎಂದು ಹೇಳಿ ಯಾರೂ ಅವರ ಜಗಲಿ ಇಳಿಯುವಂತಿರಲಿಲ್ಲ. ಇಂಗ್ಲಿಷಿನವರಿಗೆ ಹಾಗಿಲ್ಲ ಅತ್ತೆ, ಅವರಿಗೆ ಗೋ ಅಂದರೆ ಗೋ ಅಷ್ಟೇ, ಅದರಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ‘ಅವರ ಭಾಷೆ ಅವರ ಮನೇಲಿ’ ಎಂದರು. ಕೊನೆಗೆ ಅವರೇ ಒಂದು ಉಪಾಯ ಮಾಡಿಕೊಂಡರು. ಸೂಟ್‌ಕೇಸ್ ಹಿಡಿದು ನಿಂತವರ ಮುಂದೆ ಬೆರಳೆತ್ತಿ ‘ನೋ ಗೋ. ಗೋ ಕಮ್’ ಎನ್ನುತ್ತಿದ್ದರು. ಬಂದವರು ನಗುತ್ತಾ ಅದನ್ನೇ ತಿರುಗಿ ಹೇಳಿ ಜೀಪು ಹತ್ತುತ್ತಿದ್ದರು.

ನನ್ನ ಗಂಡ ತಮಾಷೆ ಮಾಡುತ್ತಿದ್ದರು. ‘ಅವ್ವ, ನೀನು ಹೀಗೆ ಹೇಳಿ ಹೇಳಿ ಅವರೆಲ್ಲ ನಿಜವಾಗಿ ವಾಪಸು ಬಂದ್ರೆ ಎಲ್ಲಿ ಮಲಗಿಸುದು?’

‘ನಿನ್ನ ಕೋಣೇಲಿ. ನೀನು ಜೀಪಲ್ಲಿ ಮಲಗು.’

ನಮ್ಮಿಬ್ಬರ ನಡುವೆ ದಿನವೂ ನಡೆಯುತ್ತಿದ್ದ ಇನ್ನೊಂದು ಕರೆ ಇತ್ತು. ಅದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಕೊಯ್ಲಿನ ದಿನಗಳಲ್ಲಿ ಮನೆಯ ಮುಂದಿನ ಅಂಗಳವೇ ಕಣ, ಅಲ್ಲಿ ಕಾಫಿ ಹರಡಿರುತ್ತದೆ. ಹಗಲೆಲ್ಲ ಒಣಗಿದ ಹಣ್ಣನ್ನು ಕತ್ತಲಾಗುವ ಮೊದಲು ಎಳೆದು ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು, ಇಲ್ಲದಿದ್ದರೆ ಮಂಜು ಕುಡಿದು ಹಾಳಾಗುತ್ತದೆ. ಟಾರ್ಪಾಲು ಎಳೆಯಲು ಎರಡು ಜನ ಬೇಕು. ಅತ್ತೆ ಕಣದಲ್ಲಿ ನಿಂತು ‘ಕೂಸೇ, ಬಾ’ ಎಂದು ಕೂಗುತ್ತಿದ್ದರು. ನಾನು ಅಡುಗೆಮನೆಯಲ್ಲಿ ಒಲೆಗೆ ಸೌದೆ ನೂಕುತ್ತಲೇ ‘ಬಂದೆ’ ಎನ್ನುತ್ತಿದ್ದೆ. ನಮ್ಮ ಭಾಷೆಯಲ್ಲಿ ಹಾಗೆಯೇ, ಕರೆದವರಿಗೆ ಬರುತ್ತೇನೆ ಎನ್ನುವುದಿಲ್ಲ, ಕಾಲು ಕೀಳುವ ಮೊದಲೇ ಬಂದೆ ಎನ್ನುತ್ತೇವೆ. ಮದುವೆಯಾದಾಗಿನಿಂದ ಪ್ರತಿ ಕೊಯ್ಲಿನಲ್ಲಿ ಪ್ರತಿ ಸಂಜೆ ಆ ಕರೆ, ಆ ಉತ್ತರ. ನನ್ನ ಕಿವಿಗಿಂತ ಮೊದಲು ಬಾಯಿಗೆ ಅದು ತಿಳಿಯುತ್ತಿತ್ತು.

ಕಳೆದ ಸಲದ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಮಧ್ಯಾಹ್ನ ಕಣದಲ್ಲಿ ಕಾಫಿ ಮಗುಚುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕೂತರು. ಮಡಿಕೇರಿಯಲ್ಲಿ ಡಾಕ್ಟರು ನೋಡಿ ಮೈಸೂರಿಗೆ ಕರೆದೊಯ್ಯಿರಿ ಎಂದರು. ಅದಕ್ಕೂ ಮೊದಲು, ಮನೆಯಿಂದ ಜೀಪು ಹೊರಟಾಗ ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ ಮನೆಯ ಕಡೆ ನೋಡಿ, ಯಾರಿಗೆಂದು ಹೇಳದೆ, ‘ಬರ್ತೇನೆ’ ಎಂದರು. ನಂತರ ನನ್ನ ಕಡೆ ತಿರುಗಿ, ‘ಸಂಜೆ ಕಾಫಿ ಮುಚ್ಚು ಮತ್ತೆ, ಮರೀಬೇಡ’ ಎಂದರು. ಮೈಸೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ತೀರಿಕೊಂಡರು.

ಹೊರಗೆ ಪ್ರಾಣ ಬಿಟ್ಟವರ ದೇಹವನ್ನು ಮನೆಯೊಳಗೆ ತರುವ ಕ್ರಮ ಗಂಡನ ಮನೆಯವರಲ್ಲಿ ಇಲ್ಲ. ತೀರಿಹೋದ ನನ್ನ ಮಾವನ ಅಣ್ಣ, ನಾವು ದೊಡ್ಡಮಾವ ಎನ್ನುವವರು, ಆಂಬುಲೆನ್ಸ್ ಬರುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ‘ಹೊಸ್ತಿಲು ದಾಟಿಸುವ ಹಾಗಿಲ್ಲ. ಅಂಗಳದಲ್ಲೇ ಇರಲಿ’ ಎಂದರು. ಕಣದಲ್ಲಿ ಒಂದು ಬದಿಗೆ ಕಾಫಿ ಸರಿಸಿ, ಚಾಪೆ ಹಾಸಿ, ಅತ್ತೆಯನ್ನು ಮಲಗಿಸಿದರು. ಪಕ್ಕದಲ್ಲಿ ಟಾರ್ಪಾಲು ಹೊದ್ದ ರಾಶಿ. ಅವರ ಕಾಲು ಬಾಗಿಲ ಕಡೆಗಿತ್ತು. ಬಾಗಿಲು ಪೂರ್ತಿ ತೆರೆದೇ ಇತ್ತು. ಅಷ್ಟು ಹತ್ತಿರ ಬಂದು ಅವರು ಒಳಗೆ ಬರಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ ಬರ್ತೇನೆ ಎನ್ನಬಾರದು. ಬಂದವರೆಲ್ಲ ಒಂದು ಮಾತೂ ಹೇಳದೆ, ಎದ್ದು, ಚಪ್ಪಲಿ ಹುಡುಕಿಕೊಂಡು ಹೊರಟುಹೋದರು. ಅಷ್ಟು ಜನ ಹಾಗೆ ಸದ್ದಿಲ್ಲದೆ ಮಾಯವಾಗುವುದನ್ನು ನಾನು ಆ ಜಗಲಿಯಲ್ಲಿ ನೋಡಿರಲಿಲ್ಲ.

ಈ ಮನೆಯಲ್ಲಿ ಸತ್ತವರನ್ನು ಕಳಿಸಿಕೊಡುವುದು ಮಾತ್ರವಲ್ಲ, ಒಳಗೆ ಕರೆದುಕೊಳ್ಳುವುದೂ ಉಂಟು. ನನ್ನ ತವರಿನಲ್ಲಿ ಅದಿಲ್ಲ, ಹಾಗಾಗಿ ನಾನು ಕೇಳಿ ತಿಳಿದುಕೊಂಡದ್ದು. ತಿಥಿಯ ದಿನ ಸಂಜೆ ನಡುಮನೆಯಲ್ಲಿ ದೀಪ ಹಚ್ಚಿ, ಹಿರಿಯರಿಗೆಂದು ಎಲೆಗಳನ್ನು ಹಾಕಿ, ಹೊಸದಾಗಿ ಸೇರುವವರಿಗೆ ಕೊನೆಯಲ್ಲಿ ಒಂದು ಎಲೆ ಹಾಕುತ್ತಾರೆ. ಮಗ ಕೈಯಲ್ಲಿ ದೀಪ ಹಿಡಿದು ಅಂಗಳದಲ್ಲಿ ನಿಂತು, ಒಳಗೆ ಬಾ ಎಂದು ಮೂರು ಸಲ ಕರೆಯಬೇಕು. ಕರೆದು, ಹಿಂದೆ ನೋಡದೆ ಒಳಗೆ ಬರಬೇಕು. ಹಿರಿಯರು ‘ಬಂದರಾ?’ ಎಂದು ಕೇಳುತ್ತಾರೆ, ಕರೆದವರು ‘ಬಂದರು’ ಎನ್ನುತ್ತಾರೆ. ಆಮೇಲೆ ಎಲೆಗಳಿಗೆ ಬಡಿಸಿ, ಬಾಗಿಲು ಹಾಕಿ, ಅವರ ಊಟ ಆಗುವವರೆಗೆ ನಾವೆಲ್ಲ ಹೊರಗೆ ಕೂರಬೇಕು. ಅಲ್ಲಿಗೆ ಸತ್ತವರು ಹಿರಿಯರ ಜೊತೆ ಸೇರಿದ ಹಾಗೆ. ಕರೆಯುವಾಗ ಒಳಗಿರುವವರು ಉಸಿರೆತ್ತಬಾರದು.

ಅಷ್ಟನ್ನೂ ನನಗೆ ಹೇಳಿದ್ದರು. ನಾನು ಅಡುಗೆಮನೆಯಲ್ಲಿ ಕೋಳಿಸಾರನ್ನು ಪಾತ್ರೆಗೆ ಬಗ್ಗಿಸುತ್ತಿದ್ದೆ. ಹೊರಗೆ ಬೆಳಕು ಇಳಿಯುತ್ತಿತ್ತು. ಒಣಗಿದ ಕಾಫಿಯ ವಾಸನೆ ಕಿಟಕಿಯಿಂದ ಬರುತ್ತಿತ್ತು. ಕಣದಿಂದ ಯಾರೋ ‘ಬಾ’ ಎಂದರು.

‘ಬಂದೆ’ ಎಂದೆ ನಾನು.

ಜೋರಾಗಿಯೇ ಅಂದಿರಬೇಕು. ಅಂಗಳದಲ್ಲಿ ನನ್ನ ಗಂಡ ಎರಡನೆಯ ಸಲ ಕರೆಯಲಿಲ್ಲ. ನಾನು ಸೌಟು ಹಿಡಿದೇ ನಡುಮನೆಯ ಬಾಗಿಲಿಗೆ ಬಂದೆ. ದೊಡ್ಡಮಾವ ನನ್ನನ್ನು ಬೈಯಲಿಲ್ಲ.

‘ಕರೆದದ್ದು ನಿನ್ನನ್ನಾ?’ ಎಂದು ಕೇಳಿದರು.

ನಾನು ಇಲ್ಲ ಎಂದು ತಲೆಯಾಡಿಸಿದೆ.

‘ಬದುಕಿದವರು ಓಗೊಟ್ಟ ಮೇಲೆ ಆ ಕರೆ ಅವರಿಗೆ ಮುಟ್ಟುದಿಲ್ಲ’ ಎಂದರು. ಕೊನೆಯ ಎಲೆಯನ್ನು ಮಡಿಸಿ ಎತ್ತಿದರು. ‘ಇವತ್ತು ಉಳಿದವರಿಗೆ ಬಡಿಸುವ. ಅವಳದ್ದು ಆಟಿಯಲ್ಲಿ ನೋಡುವ.’

ಆಟಿ ತಿಂಗಳು ಬರುವುದು ಮಳೆಗಾಲದ ನಡುವೆ. ಆಗ ವರ್ಷಕ್ಕೊಮ್ಮೆ ಎಲ್ಲ ಹಿರಿಯರಿಗೂ ಬಡಿಸುತ್ತಾರೆ. ಅಲ್ಲಿಯವರೆಗೆ ಅತ್ತೆ ಹೊರಗೆ.

ಪಕ್ಕದ ತೋಟದ ಅಕ್ಕ ಮಾರನೆಯ ದಿನವೇ ಬಂದು, ಸತ್ತವರಿಗೆ ಹೋದ ಕರೆಗೆ ಓಗೊಟ್ಟವರು ಹುಷಾರಾಗಿರಬೇಕು, ಕೈಗೆ ಒಂದು ದಾರ ಕಟ್ಟಿಸಿಕೋ ಎಂದಳು. ನನಗೆ ನನ್ನ ಬಗ್ಗೆ ಹೆದರಿಕೆ ಆಗಲಿಲ್ಲ. ಅತ್ತೆಗೆ ಕರೆಸಿಕೊಳ್ಳದೆ ಎಲ್ಲಿಗೂ ಹೋಗಿ ಗೊತ್ತಿರಲಿಲ್ಲ. ಮದುವೆಗೆ ಬಾಯಿಮಾತಿನಲ್ಲಿ ಕರೆದರೆ ಸಾಲದು, ಮನೆಗೇ ಬಂದು ಕರೆಯಬೇಕು ಎನ್ನುವವರು. ಅಂಥವರು ತಮ್ಮದೇ ಮನೆಗೆ ಕರೆ ಬರಲಿಲ್ಲವೆಂದು ಕಣದಲ್ಲಿ ನಿಂತಿದ್ದಾರೆ ಎಂದು ನೆನೆದಾಗ ನನ್ನ ಕೈ ಕೆಲಸ ಬಿಡುತ್ತಿತ್ತು.

ಕೊಯ್ಲಿನ ಉಳಿದ ದಿನಗಳಲ್ಲಿ ಸಂಜೆ ಕರೆ ಕೇಳಿಸುತ್ತಲೇ ಇತ್ತು. ಕೇಳಿಸುತ್ತಿತ್ತು ಎಂದೇ ಬರೆಯುತ್ತೇನೆ, ಬೇರೆ ಹೇಗೆ ಬರೆಯಲಿ. ಕೂಸೇ ಎಂಬ ಮಾತು ಸ್ಪಷ್ಟವಾಗಿ ಅಲ್ಲ, ಕರೆ ಮುಗಿದ ಮೇಲೆ ಗಾಳಿಯಲ್ಲಿ ಉಳಿಯುವಷ್ಟು. ಕೆಲವು ಸಲ ‘ಬಂದೆ’ ಎಂದುಬಿಡುತ್ತಿದ್ದೆ. ಹೊರಗೆ ಹೋಗಿ ಟಾರ್ಪಾಲಿನ ಒಂದು ತುದಿ ಹಿಡಿದು ನಿಲ್ಲುತ್ತಿದ್ದೆ. ಆಮೇಲೆ ಅದನ್ನು ಒಬ್ಬಳೇ, ಒಂದು ಕಡೆ ಎಳೆದು ಕಲ್ಲು ಹೇರಿ, ಸುತ್ತಿ ಹೋಗಿ ಇನ್ನೊಂದು ಕಡೆ ಎಳೆದು ಮುಚ್ಚುತ್ತಿದ್ದೆ. ಒಂದು ಬೆಳಗ್ಗೆ ಕಣದ ಅಂಚಿನಲ್ಲಿ ಆನೆಯ ಹೆಜ್ಜೆ ಮೂಡಿತ್ತು, ಬಾಳೆ ಮುರಿದುಬಿದ್ದಿತ್ತು. ಎಲ್ಲರೂ ಬಾಳೆ ನೋಡಿ ಮರುಗಿದರು. ನಾನು ಅತ್ತೆ ಇಲ್ಲಿ ಒಬ್ಬರೇ ಇದ್ದರಲ್ಲ ಎಂದುಕೊಂಡೆ. ಸತ್ತವರಿಗೆ ಆನೆಯ ಭಯ ಏನು ಎಂದು ಗೊತ್ತಿದ್ದೂ ಹಾಗನ್ನಿಸಿತು.

ನನ್ನ ಗಂಡ ಆ ಸಂಜೆಯ ಮಾತೆತ್ತಲೇ ಇಲ್ಲ. ಒಮ್ಮೆ ಮಾತ್ರ, ನಾನು ಕತ್ತಲಾಗುವವರೆಗೂ ಬಾಗಿಲು ತೆರೆದಿಟ್ಟುಕೊಂಡು ಕೂತಿರುವುದನ್ನು ನೋಡಿ, ‘ಸೊಳ್ಳೆ ಬರ್ತದೆ, ಹಾಕು. ಅವ್ವ ಹೊರಗಿದ್ರೆ ಕಾಫಿಗೆ ಕಾವಲಾಯ್ತು’ ಎಂದರು. ನಗಿಸಲು ಹೇಳಿದ್ದು. ಬಾಗಿಲು ಹಾಕದೆ ಒಳಗೆ ಹೋದರು.

ಬೇಸಿಗೆ ರಜೆಯಲ್ಲಿ ಹೋಮ್‌ಸ್ಟೇ ಮತ್ತೆ ತೆರೆದೆವು. ಹಿಂದೊಮ್ಮೆ ಬಂದಿದ್ದ ಚೆನ್ನೈನ ಸಂಸಾರವೊಂದು ಬಂತು. ಆ ಹೆಂಗಸು ಜೀಪು ಇಳಿದವಳೇ ಜಗಲಿಯ ಕಡೆ ನೋಡಿ, ಅಮ್ಮ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನೂ ಇಂಗ್ಲಿಷಿನಲ್ಲೇ ಹೇಳಬೇಕಿತ್ತು. ಹೋದರು ಎನ್ನಲು ನನಗೆ ಇಂಗ್ಲಿಷಿನಲ್ಲಿ ಗೊತ್ತಿತ್ತು, ಬಾಯಿ ಬರಲಿಲ್ಲ. ಆ ಕ್ರಿಯಾಪದವನ್ನು ಆ ಜಗಲಿಯಲ್ಲಿ ಬಳಸಲು ಅತ್ತೆ ಬಿಟ್ಟಿರಲಿಲ್ಲ. ಸತ್ತರು ಎನ್ನುವ ಮಾತೂ ಹೊರಡಲಿಲ್ಲ. ನಾನು ‘ಶಿ ಹ್ಯಾಸ್ ನಾಟ್ ಕಮ್’ ಎಂದೆ. ಬಂದಿಲ್ಲ.

ಅವಳು ಎಲ್ಲೋ ನೆಂಟರ ಮನೆಗೆ ಹೋಗಿದ್ದಾರೆ ಎಂದುಕೊಂಡಳು. ಯಾವಾಗ ಬರುತ್ತಾರೆ ಎಂದು ಕೇಳಿದಳು.

ಮಳೆಗಾಲದಲ್ಲಿ ಎಂದೆ.

ಅಯ್ಯೋ, ಅಷ್ಟರಲ್ಲಿ ನಾವು ಇರುವುದಿಲ್ಲವಲ್ಲ, ನಾವು ಬಂದಿದ್ದೆವೆಂದು ಹೇಳಿ ಎಂದಳು. ಹೇಳುತ್ತೇನೆ ಎಂದೆ. ಅವಳು ಅದನ್ನು ನಂಬಿಕೊಂಡೇ ಹೊರಟಳು. ಅವಳಿಗಿಂತ ನಾನೇ ಹೆಚ್ಚು ನಂಬಿದ್ದೆ.

ಆಟಿ ಬಂತು. ಹಿರಿಯರಿಗೆ ಬಡಿಸುವ ದಿನ ದೊಡ್ಡಮಾವ ಮಧ್ಯಾಹ್ನವೇ ಬಂದು ಕೂತರು. ಅತ್ತೆಗೆ ಇಷ್ಟವೆಂದು ಬಿದಿರಿನ ಕಳಲೆಪಲ್ಯ, ಒಣಮೀನಿನ ಚಟ್ನಿ ಮಾಡಿದ್ದೆ. ಎಲೆಗಳನ್ನು ಹಾಕಿ ಆದ ಮೇಲೆ ನನ್ನ ಗಂಡ ದೀಪ ಎತ್ತಿಕೊಳ್ಳಲಿಲ್ಲ.

‘ದೊಡ್ಡಪ್ಪ, ಈ ಸಲ ಇವಳು ಕರೀಲಿ’ ಎಂದರು.

‘ಸೊಸೆ ಕರೆಯುವ ಕ್ರಮ ಇಲ್ಲವಲ್ಲ ಮಾರಾಯ.’

‘ಒಳಗೆ ನಿಲ್ಲಿಸಿದ್ರೆ ಇನ್ನೊಮ್ಮೆ ಓಗೊಡ್ತಾಳೆ.’

ದೊಡ್ಡಮಾವ ನನ್ನನ್ನು ಮೇಲೆ ಕೆಳಗೆ ನೋಡಿದರು. ‘ಅದೂ ಸರಿಯೇ. ಹೊರಗಿದ್ದು ಕರೆಯುವವಳಾದ್ರೆ ಒಳಗಿಂದ ಓಗೊಡುದು ಹೇಗೆ’ ಎಂದರು. ಕೂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಮಾವನಿಗೂ ನಗು ಬಂದಿರಬೇಕು, ಮೀಸೆ ಒರೆಸಿಕೊಂಡರು. ‘ಹೋಗು. ಗಟ್ಟಿಯಾಗಿ ಕರಿ. ಅವಳಿಗೆ ಒಂದು ಕಿವಿ ಮಂದ.’

ಮಳೆ ಸ್ವಲ್ಪ ಹೊತ್ತಿನ ಮೊದಲು ನಿಂತಿತ್ತು. ಕಣ ಪಾಚಿಗಟ್ಟಿತ್ತು. ಅತ್ತೆಯನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಹಿಡಿದು ನಿಂತೆ. ಬಾ ಎಂದು ಕರೆಯಬೇಕು ಎಂದಿದ್ದರು. ಅತ್ತೆಯನ್ನು ನಾನು ಯಾವತ್ತೂ ಬಾ ಎಂದವಳಲ್ಲ, ಬಾಯಿ ತೆರೆದರೆ ‘ಬನ್ನಿ’ ಎಂದೇ ಬಂತು. ‘ಅತ್ತೆ, ಒಳಗೆ ಬನ್ನಿ’ ಎಂದೆ. ಕಾಡಿನ ಕಡೆಯಿಂದ ಮರದ ಹನಿ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಎರಡನೆಯ ಸಲ ಕರೆದಾಗ ನನ್ನ ದನಿ ನನಗೇ ಸುಳ್ಳೆನಿಸಿತು. ನಾನೇ ಹೊರಗೆ ನಿಂತಿದ್ದೇನೆ, ಒಳಗೆ ಬನ್ನಿ ಎನ್ನುತ್ತಿದ್ದೇನೆ. ಒಳಗಿದ್ದವರು ಹೇಳಬೇಕಾದ ಮಾತು ಅದು. ಹೊರಗೆ ನಿಂತವರು ಆ ಮಾತು ಹೇಳಬೇಕಾದರೆ ತಾವೂ ಜೊತೆಗೆ ಹೊರಟಿರಬೇಕು. ಹಾಗೆಂದು ತೋರಿದ ಮೇಲೆ ನಾನು ಬಾಗಿಲ ಕಡೆ ತಿರುಗಿದೆ. ನೆಂಟರನ್ನು ಕರೆದುಕೊಂಡು ಹೋಗುವಾಗ ನಡೆಯುವ ಹಾಗೆ, ಅವರ ಹೆಜ್ಜೆಗೆ ಸಮಯ ಕೊಟ್ಟು, ನಿಧಾನಕ್ಕೆ ನಡೆಯತೊಡಗಿ, ಮೂರನೆಯ ಸಲ ಕರೆದೆ. ‘ಬನ್ನಿ ಅತ್ತೆ. ಜಾರ್ತದೆ, ನೋಡ್ಕೊಂಡು ಬನ್ನಿ.’

ಹಿಂದೆ ನೋಡಲಿಲ್ಲ. ಬೆನ್ನಿಗೆ ತಣ್ಣಗಾಯಿತೇ, ಸೀರೆಯ ಸದ್ದಾಯಿತೇ ಎಂದು ಆಮೇಲೆ ಪಕ್ಕದ ತೋಟದ ಅಕ್ಕ ಕೇಳಿದಳು. ಏನೂ ಆಗಲಿಲ್ಲ. ಹೊಸ್ತಿಲು ದಾಟಿ ದೀಪ ಇಟ್ಟೆ.

‘ಬಂದಳಾ?’ ಎಂದರು ದೊಡ್ಡಮಾವ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಗಂಡ ಎಲೆಯ ಮೇಲೆ ಕಣ್ಣಿಟ್ಟಿದ್ದರು. ಬಂದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇಲ್ಲ ಎಂದರೆ ಇನ್ನೊಂದು ವರ್ಷ ಅವರು ಆ ಪಾಚಿಯ ಮೇಲೆ ನಿಲ್ಲಬೇಕು, ಈ ಮನುಷ್ಯ ರಾತ್ರಿ ಬಾಗಿಲು ಹಾಕದೆ ಮಲಗಬೇಕು.

‘ಬಂದರು’ ಎಂದೆ.

ಬಡಿಸಿದೆವು. ಬಾಗಿಲು ಹಾಕಿ ಜಗಲಿಯಲ್ಲಿ ಕೂತೆವು. ಕಳಲೆಗೆ ಉಪ್ಪು ಸಾಲದಿದ್ದರೆ ಅವಳು ಎದ್ದು ಬಂದು ಹೇಳದೆ ಬಿಡುವವಳಲ್ಲ ಎಂದು ದೊಡ್ಡಮಾವ ಅಂದರು, ನನ್ನ ಗಂಡ ಎಷ್ಟೋ ತಿಂಗಳ ಮೇಲೆ ಗಟ್ಟಿಯಾಗಿ ನಕ್ಕರು. ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆರೆದು, ಆ ಎಲೆಗಳಿಂದ ಎಲ್ಲರೂ ಪ್ರಸಾದ ತೆಗೆದುಕೊಂಡೆವು. ಆ ರಾತ್ರಿ ನನ್ನ ಗಂಡನೇ ಎದ್ದು ಹೋಗಿ ಮುಂಬಾಗಿಲಿನ ಚಿಲಕ ಹಾಕಿದರು.

ಈ ವರ್ಷದ ಕೊಯ್ಲು ನಡೆಯುತ್ತಿದೆ. ಟಾರ್ಪಾಲು ಎಳೆಯಲು ಈಗ ನನ್ನ ಗಂಡ ತೋಟದಿಂದ ಬೇಗ ಬರುತ್ತಾರೆ. ಸಂಜೆ ಹೊತ್ತು ನಾನು ಅಡುಗೆಮನೆಯಲ್ಲಿ ಕೆಲಸ ನಿಲ್ಲಿಸಿ ಕಿವಿಗೊಡುತ್ತೇನೆ. ಸೌಟು ಕೆಳಗಿಡುತ್ತೇನೆ, ಒಲೆಯ ಸದ್ದು ಕಡಿಮೆಯಾಗಲೆಂದು ಸೌದೆ ಹಿಂದಕ್ಕೆಳೆಯುತ್ತೇನೆ. ಅಂಗಳದಿಂದ ಯಾರೂ ಕರೆಯುವುದಿಲ್ಲ. ಬಂದರು ಎಂದು ನಾನು ಹೇಳಿದ್ದು ನಿಜವೇ ಇರಬೇಕು. ಮೊನ್ನೆ ಇವರು ಬಾಗಿಲಲ್ಲಿ ನಿಂತು, ‘ಎಂತ ಕೇಳ್ತಾ ಇದ್ದಿ?’ ಎಂದರು. ಏನಿಲ್ಲ, ಈಗ ಅಂಗಳದಲ್ಲಿ ಯಾರೂ ಇಲ್ಲ ಎಂದೆ. ‘ಒಳ್ಳೇದಾಯ್ತಲ್ಲ’ ಎಂದರು ಅವರು. ಹೌದು ಎಂದು ಹೇಳಿ, ಸೌದೆಯನ್ನು ಮತ್ತೆ ಒಲೆಗೆ ನೂಕಿದೆ.